ಲಿನಕ್ಸ್‌ನಲ್ಲಿ ಒನ್‌ಡ್ರೈವ್: ಮೂರು ಕ್ಲೈಂಟ್‌ಗಳ ಹೋಲಿಕೆ

ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹ ಸೇವೆಯಾದ ಒನ್‌ಡ್ರೈವ್ ಅನ್ನು ಯಂತ್ರಕ್ಕೆ ಜೋಡಿಸುವ ತಂತ್ರಾಂಶವನ್ನು, ಅಂದರೆ ಕ್ಲೈಂಟನ್ನು, ಲಿನಕ್ಸ್‌ಗೆಂದು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ಆ ಕೊರತೆ ನೀಗಿಸಲು ಹುಟ್ಟಿಕೊಂಡ ಮುಕ್ತ ತಂತ್ರಾಂಶಗಳಲ್ಲಿ ಮೂರನ್ನು ಬಿಲ್ಡ್ ಮಾಡಿ (ಸೋರ್ಸ್ ಕೋಡ್‌ನಿಂದ ಓಡುವ ರೂಪಕ್ಕೆ ತಂದು), ಒಂದೇ ಖಾತೆಗೆ ಬೇರೆಬೇರೆಯಾಗಿ ಜೋಡಿಸಿ ನೋಡಿದ ಹೋಲಿಕೆ ಇದು. ಮೊದಲನೆಯದು ಡಿ ಭಾಷೆಯಲ್ಲಿ ಬರೆದ 'ಒನ್‌ಡ್ರೈವ್ ಕ್ಲೈಂಟ್ ಫಾರ್ ಲಿನಕ್ಸ್'. ಇಲ್ಲಿ ಅದನ್ನು ಡಿ ಕ್ಲೈಂಟ್ ಎಂದು ಕರೆಯೋಣ. ಎರಡನೆಯದು ಆರ್‌ಕ್ಲೋನ್, ಮೂರನೆಯದು ಒನ್‌ಡ್ರೈವರ್. ಇವೆರಡೂ ಗೋ ಭಾಷೆಯವು.

ಆರಿಸುವ ಮುಂಚೆ ತೀರ್ಮಾನಿಸಬೇಕಾದದ್ದು ಒಂದೇ: ಫೈಲಿನ ಪೂರ್ತಿ ಪ್ರತಿ ನಿಮ್ಮ ಡಿಸ್ಕ್‌ನಲ್ಲಿ ಸದಾ ಇರಬೇಕೇ? ಇರಬೇಕು ಎಂದರೆ ಡಿ ಕ್ಲೈಂಟ್. ಬೇಡ, ತೆರೆದಾಗ ಬಂದರೆ ಸಾಕು ಎಂದರೆ ಒನ್‌ಡ್ರೈವರ್. ಆರ್‌ಕ್ಲೋನ್ ಎರಡನ್ನೂ ಮಾಡುತ್ತದೆ, ಆದರೆ ಯಾವುದನ್ನು ಯಾವಾಗ ಮಾಡಬೇಕೆಂದು ಪ್ರತಿ ಸಲವೂ ನೀವೇ ಹೇಳಬೇಕು.

ಬಿಲ್ಡ್ ಮಾಡುವಾಗ ಹೆಚ್ಚು ತಾಳ್ಮೆ ಬೇಡುವುದು ಡಿ ಕ್ಲೈಂಟ್. ಡೆಬಿಯನ್, ಉಬುಂಟುಗಳ ಭಂಡಾರದಲ್ಲಿ ಇದರ ಪ್ಯಾಕೇಜ್ ಸಿಗುತ್ತದೆ, ಆದರೆ ಅದು ಹಲವು ಆವೃತ್ತಿ ಹಿಂದಿನದಾಗಿರುತ್ತದೆ. ಅದನ್ನು ಬಳಸಬೇಡಿ ಎಂದು ಯೋಜನೆಯ ದಾಖಲೆಗಳೇ ಹೇಳುತ್ತವೆ. ಸೋರ್ಸ್‌ನಿಂದ ಬಿಲ್ಡ್ ಮಾಡಲು ಸಿ ಬಿಲ್ಡ್ ಸಾಮಗ್ರಿ, ಲಿಬ್‌ಕರ್ಲ್, ಎಸ್‌ಕ್ಯೂಲೈಟ್ ಮತ್ತು ಡಿ-ಬಸ್‌ಗಳ ಡೆವಲಪ್‌ಮೆಂಟ್ ಪ್ಯಾಕೇಜ್‌ಗಳು, ಪಿಕೆಜಿ-ಕಾನ್ಫಿಗ್, ಗಿಟ್ ಬೇಕು. ಡೆಸ್ಕ್‌ಟಾಪ್‌ನಲ್ಲಿ ಸೂಚನೆಗಳು ಬರಬೇಕಿದ್ದರೆ ಲಿಬ್‌ನೋಟಿಫೈ ಕೂಡ. ಇವುಗಳ ಮೇಲೆ ಒಂದು ಡಿ ಕಂಪೈಲರ್: ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಡಿಎಂಡಿ ಅಥವಾ ಎಲ್‌ಡಿಸಿ ಯಾವುದಾದರೂ ಸರಿ. ರಾಸ್‌ಬೆರಿ ಪೈನಂಥ ಆರ್ಮ್ ಯಂತ್ರದಲ್ಲಿ ಎಲ್‌ಡಿಸಿಯೇ ಬೇಕು, ಡಿಎಂಡಿ ಅಲ್ಲಿ ನಡೆಯುವುದಿಲ್ಲ.

ಅನುಕ್ರಮ ಹಳೆಯ ಪರಿಚಿತ ಅನುಕ್ರಮವೇ: ಕಾನ್ಫಿಗರ್ ಸ್ಕ್ರಿಪ್ಟ್, ಮೇಕ್, ಕೊನೆಗೆ ಸುಡೋ ಹಾಕಿ ಮೇಕ್ ಇನ್‌ಸ್ಟಾಲ್. ತೊಡಕು ಬರುವುದು ಮೂರು ಕಡೆ. ಡಿ ಭಾಷೆಯ ಅಧಿಕೃತ ಸ್ಕ್ರಿಪ್ಟ್‌ನಿಂದ ಕಂಪೈಲರ್ ಹಾಕಿಕೊಂಡಿದ್ದರೆ ಅದು ಹೋಮ್ ಫೋಲ್ಡರಿನೊಳಗೆ ಕುಳಿತಿರುತ್ತದೆ. ಅದರ ಆಕ್ಟಿವೇಟ್ ಫೈಲನ್ನು ಸೋರ್ಸ್ ಮಾಡಿದ ಟರ್ಮಿನಲ್‌ಗೆ ಮಾತ್ರ ಅದು ಕಾಣುತ್ತದೆ. ಹೊಸ ಟರ್ಮಿನಲ್ ತೆರೆದು ಕಾನ್ಫಿಗರ್ ಓಡಿಸಿದರೆ 'ಡಿ ಕಂಪೈಲರ್ ಸಿಗಲಿಲ್ಲ' ಎಂದು ನಿಲ್ಲುತ್ತದೆ. ಎರಡನೆಯದು ಮೆಮೊರಿ: ಕನಿಷ್ಠ 1 ಜಿಬಿ ರ‍್ಯಾಮ್, ಅದರ ಜೊತೆಗೆ 1 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ಬೇಕು. ಸಣ್ಣ ವರ್ಚುವಲ್ ಸರ್ವರ್‌ಗಳಲ್ಲಿ ಕಂಪೈಲರ್ ನಡುವೆಯೇ 'ಕಿಲ್ಡ್' ಎಂದು ಸತ್ತುಹೋದರೆ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ, ಸ್ವಾಪ್ ಫೈಲ್ ಸೇರಿಸಿ. ಮೂರನೆಯದೇ ಹೆಚ್ಚು ದಾರಿ ತಪ್ಪಿಸುವಂಥದ್ದು: ಮುಂಚೆ ಭಂಡಾರದ ಪ್ಯಾಕೇಜ್ ಹಾಕಿದ್ದರೆ ಅದು ಸಿಸ್ಟಮ್‌ಡಿ ಸೇವೆಯನ್ನು (ಹಿನ್ನೆಲೆಯಲ್ಲಿ ತಾನೇ ಓಡುವ ಕೆಲಸವನ್ನು) ತಾನಾಗಿ ಸಕ್ರಿಯಗೊಳಿಸಿರುತ್ತದೆ. ಪ್ಯಾಕೇಜ್ ತೆಗೆದ ಮೇಲೂ ಆ ಸೇವೆಯ ಸಿಮ್‌ಲಿಂಕ್, ಅಂದರೆ ಅದರ ಫೈಲಿನತ್ತ ತೋರುವ ಕೊಂಡಿ, ಉಳಿದಿರಬಹುದು. ಪ್ಯಾಕೇಜನ್ನೂ ಸಿಮ್‌ಲಿಂಕನ್ನೂ ತೆಗೆದು, ಯಂತ್ರ ರೀಬೂಟ್ ಮಾಡಿ, ಆಮೇಲೆ ಬಿಲ್ಡ್ ಮಾಡುವುದೇ ಸರಿಯಾದ ದಾರಿ.

ಆರ್‌ಕ್ಲೋನ್ ಇದಕ್ಕೆ ತದ್ವಿರುದ್ಧ. ಗೋ ಇದ್ದರೆ ರೆಪೊಸಿಟರಿ ಕ್ಲೋನ್ ಮಾಡಿ 'ಗೋ ಬಿಲ್ಡ್' ಎಂದರೆ ಆಯಿತು. ಒಂದೇ ಬೈನರಿ ಕೈಗೆ ಬರುತ್ತದೆ, ಅದನ್ನು ಎಲ್ಲಿ ಇಟ್ಟರೂ ಓಡುತ್ತದೆ. ಮೌಂಟ್ ಮಾಡುವ, ಅಂದರೆ ಖಾತೆಯನ್ನು ಸ್ಥಳೀಯ ಫೋಲ್ಡರಿನಂತೆ ತೋರಿಸುವ, ಉದ್ದೇಶವಿದ್ದರೆ ಮಾತ್ರ ಅದಕ್ಕೆ ನೆರವಾಗುವ ಫ್ಯೂಸ್ 3 ಪ್ಯಾಕೇಜ್ ಬೇಕು, ಇಲ್ಲದಿದ್ದರೆ 'ಫ್ಯೂಸರ್‌ಮೌಂಟ್3 ಸಿಗಲಿಲ್ಲ' ಎಂಬ ದೋಷ. ಒನ್‌ಡ್ರೈವರ್‌ಗೆ ಗೋ ಜೊತೆಗೆ ಜಿಸಿಸಿ ಮತ್ತು ವೆಬ್‌ಕಿಟ್‌ಜಿಟಿಕೆಯ ಡೆವಲಪ್‌ಮೆಂಟ್ ಪ್ಯಾಕೇಜ್ ಬೇಕು, ಲಾಗಿನ್ ಕಿಟಕಿ ತೋರಿಸಲು. ವೆಬ್‌ಕಿಟ್‌ಜಿಟಿಕೆಯ 4.0 ಮತ್ತು 4.1 ಬೇರೆಬೇರೆ ಪ್ಯಾಕೇಜ್‌ಗಳು; ಹೊಸ ವಿತರಣೆಗಳಲ್ಲಿ 4.0 ಇರುವುದಿಲ್ಲ. ಕೋಡ್ ಯಾವುದನ್ನು ಕೇಳುತ್ತಿದೆ ಎಂದು ಮೊದಲೇ ನೋಡಿಕೊಳ್ಳಿ.

ಬಿಲ್ಡ್‌ನಲ್ಲಿ ಹಿಂದೆ ಬಿದ್ದ ಡಿ ಕ್ಲೈಂಟ್ ಕಾನ್ಫಿಗರೇಶನ್‌ನಲ್ಲಿ ಮೇಲೆ ಬರುತ್ತದೆ. ಮೊದಲ ಬಾರಿ ಓಡಿಸಿದಾಗ ಅದೊಂದು ಕೊಂಡಿ ಕೊಡುತ್ತದೆ; ಬ್ರೌಸರ್‌ನಲ್ಲಿ ಲಾಗಿನ್ ಆದಮೇಲೆ ಖಾಲಿ ಪುಟ ಬರುತ್ತದೆ. ಖಾಲಿ ಪುಟ ಎಂದರೆ ಕೆಟ್ಟಿದೆ ಎಂದಲ್ಲ, ಅದರ ವಿಳಾಸಪಟ್ಟಿಯಲ್ಲಿರುವ ಪೂರ್ತಿ ವಿಳಾಸವನ್ನು ಟರ್ಮಿನಲ್‌ಗೆ ಅಂಟಿಸಬೇಕು. ಡೀಫಾಲ್ಟ್ ಫೋಲ್ಡರ್ ಹೋಮ್‌ನಲ್ಲಿರುವ ಒನ್‌ಡ್ರೈವ್. ಬೇರೆ ಜಾಗ ಬೇಕಿದ್ದರೆ ಮೊದಲ ಸಿಂಕ್‌ಗೆ ಮುಂಚೆಯೇ ಕಾನ್ಫಿಗ್ ಫೈಲಿನಲ್ಲಿ ಬದಲಿಸಿ. ಆಮೇಲೆ ಡಿಸ್‌ಪ್ಲೇ-ಕಾನ್ಫಿಗ್ ಆಯ್ಕೆಯಿಂದ ಕ್ಲೈಂಟ್ ನಿಜಕ್ಕೂ ಏನನ್ನು ಓದಿಕೊಂಡಿದೆ ಎಂದು ನೋಡಿ, ಡ್ರೈ-ರನ್ (ನಿಜವಾಗಿ ಏನನ್ನೂ ಬದಲಿಸದ ಪರೀಕ್ಷೆ) ಸೇರಿಸಿ ಒಮ್ಮೆ ಸಿಂಕ್ ಓಡಿಸಿ. ಹಳೆಯ ಸಲಹೆಗಳಲ್ಲಿ ಬರುವ 'ಸಿಂಕ್ರೊನೈಸ್' ಎಂಬ ಉದ್ದನೆಯ ಆಯ್ಕೆ 2.5 ಆವೃತ್ತಿಯಿಂದ ಈಚೆಗೆ ಬರೀ 'ಸಿಂಕ್' ಆಗಿದೆ.

ಖಾತೆಯಲ್ಲಿರುವುದೆಲ್ಲ ಬೇಡವಾದಾಗ ಸಿಂಕ್-ಲಿಸ್ಟ್ ಎಂಬ ಪ್ರತ್ಯೇಕ ಫೈಲ್ ಇದೆ. ಈ ಕ್ಲೈಂಟ್‌ನ ನಿಜವಾದ ಬಲ ಇದೇ. ಸಾಲಿಗೊಂದು ದಾರಿ ಬರೆಯಬೇಕು. ದಾರಿಯ ಮುಂದೆ ಓರೆಗೆರೆ ಹಾಕಿದರೆ ಬೇರುಮಟ್ಟದ ಆ ಫೋಲ್ಡರ್ ಮಾತ್ರ, ಹಾಕದಿದ್ದರೆ ಎಲ್ಲ ಮಟ್ಟದಲ್ಲಿರುವ ಅದೇ ಹೆಸರಿನ ಫೋಲ್ಡರ್‌ಗಳೂ ಬರುತ್ತವೆ. ಆಶ್ಚರ್ಯಸೂಚಕ ಚಿಹ್ನೆ ಹಾಕಿದ ಸಾಲು ಹೊರಗಿಡುವ ನಿಯಮ. ಅಂಥ ಸಾಲುಗಳನ್ನು ಮೇಲೆ ಬರೆಯಿರಿ, ಒಳಗೊಳ್ಳುವವು ಅವುಗಳ ಕೆಳಗೆ ಬರಲಿ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಹೊರಗೆ ಎಂಬುದನ್ನು ನೆನಪಿಡಿ. ಈ ಫೈಲನ್ನಾಗಲಿ ಬಿಟ್ಟುಬಿಡುವ ನಿಯಮಗಳನ್ನಾಗಲಿ ಬದಲಿಸಿದರೆ ರೀಸಿಂಕ್ ಕಡ್ಡಾಯ. ರೀಸಿಂಕ್ ಎಂದರೆ ಕ್ಲೈಂಟ್ ತನ್ನ ಎಸ್‌ಕ್ಯೂಲೈಟ್ ದಾಖಲೆಯನ್ನು ಅಳಿಸಿ, ಎರಡೂ ಬದಿಯನ್ನು ಹೊಸದಾಗಿ ಹೋಲಿಸುತ್ತದೆ. ಯಾವುದು ಹೊಸದು, ಯಾವುದು ಹಳೆಯದು ಎಂಬ ನೆನಪು ಅದಕ್ಕೆ ಆಗ ಇರುವುದಿಲ್ಲ. ಭಿನ್ನವಾದ ಫೈಲ್‌ಗಳಿಗೆ 'ಸೇಫ್‌ಬ್ಯಾಕಪ್' ಎಂಬ ಬಾಲವಿರುವ ಪ್ರತಿಗಳು ಹುಟ್ಟಿಕೊಳ್ಳಬಹುದು. ಅದಕ್ಕೇ ರೀಸಿಂಕನ್ನು ಸಿಸ್ಟಮ್‌ಡಿ ಸೇವೆಯ ಆಜ್ಞೆಯಲ್ಲಿ ಎಂದಿಗೂ ಬರೆದಿಡಬೇಡಿ.

ಮಾನಿಟರ್ ರೀತಿಯಲ್ಲಿ, ಅಂದರೆ ಸದಾ ಕಾಯುತ್ತಿರುವಂತೆ, ಓಡಿಸಿದರೆ ಸ್ಥಳೀಯ ಬದಲಾವಣೆ ಐನೋಟಿಫೈ (ಫೈಲ್ ಬದಲಾವಣೆ ತಿಳಿಸುವ ಕರ್ನೆಲ್ ಸೌಲಭ್ಯ) ಮೂಲಕ ತಕ್ಷಣ ಮೇಲೇರುತ್ತದೆ, ಆಚೆಯ, ಅಂದರೆ ಒನ್‌ಡ್ರೈವ್ ಬದಿಯ, ಬದಲಾವಣೆಯನ್ನು ಡೀಫಾಲ್ಟ್ ಆಗಿ 300 ಸೆಕೆಂಡಿಗೊಮ್ಮೆ ನೋಡುತ್ತದೆ. ಐನೋಟಿಫೈಗೆ ಪ್ರತಿ ಫೋಲ್ಡರಿಗೂ ಒಂದು ವಾಚ್ ಬೇಕು. ಹಳೆಯ ಕರ್ನೆಲ್‌ಗಳಲ್ಲಿ ಅದರ ಮಿತಿ 8192. ಕೋಡ್ ಯೋಜನೆಗಳನ್ನು ಇಟ್ಟುಕೊಂಡವರು ಅದನ್ನು ಸುಲಭವಾಗಿ ದಾಟುತ್ತಾರೆ. ಮಿತಿ ಹೆಚ್ಚಿಸುವುದಕ್ಕಿಂತ ನೋಡ್ ಮಾಡ್ಯೂಲ್‌ಗಳಂಥ ಫೋಲ್ಡರ್‌ಗಳನ್ನು ಸ್ಕಿಪ್-ಡಿರ್‌ಗೆ (ಬಿಟ್ಟುಬಿಡುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸುವುದು ಒಳ್ಳೆಯದು. ನನಗೆ ಈ ಕ್ಲೈಂಟ್ ಮೇಲೆ ವಿಶ್ವಾಸ ಮೂಡಿಸಿದ್ದು ಇನ್ನೊಂದು ಗುಣ: ಒಂದೇ ಸಲಕ್ಕೆ 1000ಕ್ಕಿಂತ ಹೆಚ್ಚು ಐಟಂಗಳು ಡಿಸ್ಕ್‌ನಿಂದ ಮಾಯವಾದರೆ ಅದು ಆಚೆಯ ಪ್ರತಿಗಳನ್ನು ಅಳಿಸದೆ ನಿಲ್ಲುತ್ತದೆ. ಸಣ್ಣ ಖಾತೆಯಾದರೆ ಆ ಸಂಖ್ಯೆಯನ್ನು ಇನ್ನೂ ಇಳಿಸಿ.

ಆರ್‌ಕ್ಲೋನ್‌ನ ಕಾನ್ಫಿಗ್ ಪ್ರಶ್ನೋತ್ತರದ ರೀತಿಯದು, ಸುಲಭ. ಲಾಗಿನ್ ಉತ್ತರ 53682ನೇ ಪೋರ್ಟ್‌ಗೆ ಬರುತ್ತದೆ. ಬ್ರೌಸರ್ ಇಲ್ಲದ ಸರ್ವರ್ ಆದರೆ ಬ್ರೌಸರ್ ಇರುವ ಯಂತ್ರದಲ್ಲಿ 'ಆಥರೈಸ್' ಆಜ್ಞೆ ಓಡಿಸಿ ಟೋಕನ್ (ಲಾಗಿನ್ ಅನುಮತಿಯ ಗುರುತು) ತಂದು ಅಂಟಿಸಬೇಕು. ಕ್ಲೈಂಟ್ ಐಡಿ ಕೇಳಿದಾಗ ಖಾಲಿ ಬಿಟ್ಟರೆ ಆರ್‌ಕ್ಲೋನ್ ಬಳಸುವವರೆಲ್ಲ ಹಂಚಿಕೊಳ್ಳುವ ಐಡಿ ನಿಮಗೂ ಬರುತ್ತದೆ, ಆಗ ಸರ್ವರ್ 429 (ಕೋರಿಕೆಗಳು ಅತಿಯಾದವು) ಎಂದು ತಡೆಯುವುದು ಹೆಚ್ಚು. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಸ್ವಂತ ಆ್ಯಪ್ ನೋಂದಾಯಿಸಿಕೊಂಡರೆ ವೇಗ ಸ್ಥಿರವಾಗುತ್ತದೆ. ಆದರೆ ಆ್ಯಪ್‌ನ ಸೀಕ್ರೆಟ್‌ಗೆ ಅವಧಿ ಇರುತ್ತದೆ; ಅದು ಮುಗಿದ ದಿನ ಎಲ್ಲವೂ ಒಮ್ಮೆಗೇ ನಿಲ್ಲುತ್ತದೆ, ದಿನಾಂಕ ಬರೆದಿಟ್ಟುಕೊಳ್ಳಿ. 90 ದಿನ ಬಳಸದೆ ಬಿಟ್ಟರೆ ಟೋಕನ್ ಕೂಡ ಸಾಯುತ್ತದೆ, ಆಗ ಕಾನ್ಫಿಗ್ ರೀಕನೆಕ್ಟ್ ಮಾಡಬೇಕು.

ಆರ್‌ಕ್ಲೋನ್‌ನ ಸಿಂಕ್ ಆಜ್ಞೆ ಒಮ್ಮುಖದ್ದು. ಮೂಲದಲ್ಲಿ ಇಲ್ಲದ್ದನ್ನು ಗುರಿಯಿಂದ ಅಳಿಸುವುದೇ ಅದರ ಕೆಲಸ; ಎರಡು ದಾರಿ ಅದಲುಬದಲಾದರೆ ಅಳಿಯುವುದು ಒಳ್ಳೆಯ ಪ್ರತಿ. ಅಳಿಸುವ ಅಗತ್ಯವಿಲ್ಲದಾಗ ಕಾಪಿ ಬಳಸಿ, ಅಗತ್ಯವಿದ್ದಾಗ ಬ್ಯಾಕಪ್-ಡಿರ್ ಆಯ್ಕೆ ಸೇರಿಸಿ. ಇಮ್ಮುಖಕ್ಕೆ ಬೈಸಿಂಕ್ ಇದೆ: ಮೊದಲ ಓಟಕ್ಕೆ ರೀಸಿಂಕ್ ಬೇಕು, ಶೇ. 50ಕ್ಕಿಂತ ಹೆಚ್ಚು ಫೈಲ್ ಅಳಿದಂತೆ ಕಂಡರೆ ಅದು ನಿಲ್ಲುತ್ತದೆ. ಆದರೆ ಅದು ಬದಲಾವಣೆಗಳನ್ನು ಕಾಯುತ್ತ ಕೂರುವುದಿಲ್ಲ, ಟೈಮರ್‌ನಿಂದ ನೀವೇ ಓಡಿಸಬೇಕು. ದಿನನಿತ್ಯದ ಕೆಲಸದ ಫೋಲ್ಡರಿಗೆ ನಾನು ಡಿ ಕ್ಲೈಂಟನ್ನೇ ಆರಿಸುತ್ತೇನೆ, ಬ್ಯಾಕಪ್‌ಗೆ ಮತ್ತು ಸರ್ವರ್‌ಗೆ ಆರ್‌ಕ್ಲೋನ್.

ಆರ್‌ಕ್ಲೋನ್‌ನಲ್ಲಿ ಮೌಂಟ್ ಮಾಡುವಾಗ ವಿಎಫ್‌ಎಸ್ ಕ್ಯಾಶ್ (ಫೈಲ್‌ಗಳ ತಾತ್ಕಾಲಿಕ ಸ್ಥಳೀಯ ಪ್ರತಿ) ಡೀಫಾಲ್ಟ್ ಆಗಿ ಆಫ್ ಇರುತ್ತದೆ. ಓದಲು ತೊಂದರೆಯಿಲ್ಲ, ಆದರೆ ಒಂದೇ ಫೈಲನ್ನು ಓದಲೂ ಬರೆಯಲೂ ತೆರೆಯುವ ತಂತ್ರಾಂಶಗಳು ಸೇವ್ ಮಾಡುವಾಗ ಸೋಲುತ್ತವೆ. ಕನಿಷ್ಠ ರೈಟ್ಸ್ (writes), ಆಗುವುದಾದರೆ ಫುಲ್ ಎಂದು ಇಟ್ಟು ಕ್ಯಾಶ್‌ಗೆ ಗಾತ್ರದ ಮಿತಿ ಕೊಡಿ. ಫೈಲ್ ಮುಚ್ಚಿದ 5 ಸೆಕೆಂಡಿನ ಮೇಲೆ ಅಪ್‌ಲೋಡ್ ಶುರುವಾಗುತ್ತದೆ. ಅಷ್ಟರಲ್ಲಿ ಯಂತ್ರ ಆರಿದರೆ ಬದಲಾವಣೆ ಕ್ಯಾಶ್‌ನಲ್ಲೇ ಉಳಿದು, ಅದೇ ಆಯ್ಕೆಗಳೊಂದಿಗೆ ಮತ್ತೆ ಮೌಂಟ್ ಮಾಡಿದಾಗ ಮೇಲೇರುತ್ತದೆ. ಆ ಕ್ಯಾಶನ್ನು ಕಸವೆಂದು ಅಳಿಸಬೇಡಿ.

ಒನ್‌ಡ್ರೈವರ್‌ನಲ್ಲಿ ಇಷ್ಟೊಂದು ಹೊಂದಿಸಬೇಕಿಲ್ಲ. ಲಾಗಿನ್ ಆಗಿ, ಖಾಲಿ ಫೋಲ್ಡರ್ ತೋರಿಸಿದರೆ ಕೆಲಸ ಶುರು. ಇಂಟರ್‌ನೆಟ್ ಹೋದರೆ ಈಗಾಗಲೇ ತೆರೆದ ಫೈಲ್‌ಗಳನ್ನು ಓದಬಹುದು, ಬರೆಯಲಾಗದು. ಚಿತ್ರಗಳ ಫೋಲ್ಡರ್ ತೆರೆದೊಡನೆ ಫೈಲ್ ಮ್ಯಾನೇಜರ್ ಥಂಬ್‌ನೇಲ್‌ಗಾಗಿ ಎಲ್ಲವನ್ನೂ ಇಳಿಸಲು ತೊಡಗುತ್ತದೆ. ದೂರದ ಫೋಲ್ಡರ್‌ಗಳ ಥಂಬ್‌ನೇಲ್ ಆಫ್ ಮಾಡಿಡಿ. ಕ್ರ್ಯಾಶ್ ಆದಮೇಲೆ 'ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್' ಎಂದು ಬಂದರೆ ಫ್ಯೂಸರ್‌ಮೌಂಟ್3ಕ್ಕೆ ಯು, ಝಡ್ ಆಯ್ಕೆ ಕೊಟ್ಟು ಅನ್‌ಮೌಂಟ್ ಮಾಡಿ ಸೇವೆಯನ್ನು ಮತ್ತೆ ಎಬ್ಬಿಸಬೇಕು. ಚಿಕ್ಕ ಡಿಸ್ಕಿನ ಲ್ಯಾಪ್‌ಟಾಪ್‌ನಲ್ಲಿ ದಾಖಲೆಗಳನ್ನು ತೆರೆದು ನೋಡಲು ಚೆನ್ನಾಗಿದೆ, ದೊಡ್ಡ ಪ್ರಮಾಣದ ನಕಲಿಗೆ ಅಲ್ಲ.

ಮೂರಕ್ಕೂ ಅನ್ವಯಿಸುವ ಮಿತಿಗಳು ಒನ್‌ಡ್ರೈವ್‌ನವೇ. ಅದಕ್ಕೆ ದೊಡ್ಡಕ್ಷರ, ಚಿಕ್ಕಕ್ಷರದ ಭೇದವಿಲ್ಲ. ಆ ಭೇದ ಮಾತ್ರ ಇರುವ ಎರಡು ಫೈಲ್ ಒಂದೇ ಫೋಲ್ಡರಿನಲ್ಲಿದ್ದರೆ ಒಂದು ಮೇಲೇರುವುದಿಲ್ಲ. ಕೋಲನ್, ಪ್ರಶ್ನಾರ್ಥಕ, ನಕ್ಷತ್ರ ಚಿಹ್ನೆಗಳು ಹೆಸರಿನಲ್ಲಿ ಸಲ್ಲವು. ಆರ್‌ಕ್ಲೋನ್ ಇವನ್ನು ಹೋಲುವ ಅಗಲದ ಯೂನಿಕೋಡ್ ಚಿಹ್ನೆಗಳಿಗೆ ಬದಲಿಸಿ ಕಳಿಸುತ್ತದೆ, ಡಿ ಕ್ಲೈಂಟ್ ಫೈಲನ್ನೇ ಬಿಟ್ಟು ಮುಂದೆ ಹೋಗುತ್ತದೆ, ಲಾಗ್ ಓದದಿದ್ದರೆ ಗೊತ್ತಾಗದು. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು: ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ರಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಒತ್ತು, ಗುಣಿತ ಎಲ್ಲವೂ ಲೆಕ್ಕಕ್ಕೆ ಬರುವುದರಿಂದ 'ಸ್ತ್ರೀ' ಒಂದೇ 18 ಬೈಟ್ ತಿನ್ನುತ್ತದೆ. ವಿಂಡೋಸ್‌ನಲ್ಲಿ ಇಟ್ಟ ಉದ್ದನೆಯ ಕನ್ನಡ ಹೆಸರು 85 ಸಂಕೇತ ಮೀರಿದ್ದರೆ ಇಲ್ಲಿಗೆ ಇಳಿಯುವುದಿಲ್ಲ, ಆಚೆಯಲ್ಲೇ ಹೆಸರು ಮೊಟಕುಗೊಳಿಸಬೇಕು.

ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಹಳೆಯ ಸೇವೆಯನ್ನು ನಿಲ್ಲಿಸಿ, ಡಿಸೇಬಲ್ ಮಾಡಿ, ಹೊಸದಕ್ಕೆ ಬೇರೆ ಖಾಲಿ ಫೋಲ್ಡರ್ ಕೊಡಿ. ಡಿ ಕ್ಲೈಂಟ್‌ನ ಸಿಂಕ್ ಫೋಲ್ಡರಿನ ಮೇಲೆಯೇ ಮೌಂಟ್ ಮಾಡಿದರೆ, ಮೌಂಟ್ ಬಿಟ್ಟುಹೋದ ಕ್ಷಣ ಅದಕ್ಕೆ ಫೋಲ್ಡರ್ ಖಾಲಿಯಾದಂತೆ ಕಾಣುತ್ತದೆ, ಖಾತೆಯಲ್ಲಿರುವುದನ್ನು ಅಳಿಸಲು ಹೊರಡುತ್ತದೆ.