ಗೋಡಾಕ್ಸ್ ಟಿಟಿ685: ಕೆಲವು ವರ್ಷ ಬಳಸಿದ ಮೇಲೆ

ಫ್ಲ್ಯಾಶ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಗೈಡ್ ನಂಬರ್ (ಬೆಳಕಿನ ಬಲದ ಅಳತೆ) ಎಷ್ಟು ಅಂತ. ಕ್ಯಾಮೆರಾ ಮೇಲೆ ಸಿಕ್ಕಿಸುವ ಗೋಡಾಕ್ಸ್ ಕಂಪನಿಯ ಫ್ಲ್ಯಾಶ್ ಟಿಟಿ685ಕ್ಕೆ ಕಂಪನಿ ಹೇಳುವುದು 60. ಇದನ್ನು ಅಪರ್ಚರ್‌ನಿಂದ (ಲೆನ್ಸ್ ಕಿಂಡಿಯ ಎಫ್ ಸಂಖ್ಯೆಯಿಂದ) ಭಾಗಿಸಿದರೆ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆ ಎಂಬ ಲೆಕ್ಕ ಸಿಗುತ್ತದೆ. ಎಫ್/8ಕ್ಕೆ ಏಳೂವರೆ ಮೀಟರ್. ಆದರೆ ಆ 60 ಐಎಸ್‌ಒ 100ರಲ್ಲಿ (ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಮಟ್ಟ), ಫ್ಲ್ಯಾಶ್‌ನ ತಲೆ 200 ಎಂಎಂಗೆ ಜೂಮ್ ಆಗಿ, ಫುಲ್ ಪವರ್‌ನಲ್ಲಿ ನೇರವಾಗಿ ಹೊಡೆದಾಗಿನ ಮಾತು. ಕೋಣೆಯೊಳಗೆ ಮನುಷ್ಯರ ಫೋಟೋ ತೆಗೆಯುವ ನನಗೆ ಆ ಸ್ಥಿತಿ ಬರುವುದೇ ಅಪರೂಪ. 42 ಇದ್ದದ್ದು 60 ಆದರೂ ಹೆಚ್ಚುವುದು ಒಂದೇ ಸ್ಟಾಪ್ ಬೆಳಕು (ಬೆಳಕು ದುಪ್ಪಟ್ಟಾದರೆ ಒಂದು ಸ್ಟಾಪ್). 58 ಮೇಲೋ 60 ಮೇಲೋ ಎಂದು ತಲೆ ಕೆಡಿಸಿಕೊಳ್ಳುವುದು ದಂಡ.

ನನ್ನ ಪ್ರಕಾರ ನೋಡಬೇಕಾದದ್ದು ತಲೆ ಎತ್ತ ಕಡೆಗೆಲ್ಲ ತಿರುಗುತ್ತದೆ ಎಂಬುದನ್ನು. ಬರೀ ಮೇಲಕ್ಕೆ ಮಾತ್ರ ಬಾಗುವ ಫ್ಲ್ಯಾಶ್‌ಗಳಿವೆ. ಕ್ಯಾಮೆರಾ ಅಡ್ಡ ಹಿಡಿದಾಗ ಅವು ಸೀಲಿಂಗ್‌ಗೆ ಬೆಳಕು ಬೌನ್ಸ್ ಮಾಡುತ್ತವೆ (ಬಡಿಸಿ ವಾಪಸ್ ಬರಿಸುತ್ತವೆ), ಸರಿ; ಉದ್ದ ಫೋಟೋಗೆಂದು ಕ್ಯಾಮೆರಾ ತಿರುಗಿಸಿದ ಕೂಡಲೇ ಬೆಳಕು ಪಕ್ಕದ ಗೋಡೆಗೆ ಹೋಗುತ್ತದೆ. ಟಿಟಿ685ರ ತಲೆ ಮೇಲಕ್ಕೂ ಪಕ್ಕಕ್ಕೂ ಹಿಂದಕ್ಕೂ ತಿರುಗುತ್ತದೆ. ನನಗೆ ತುಂಬಾ ಇಷ್ಟವಾದ ಬೆಳಕು ಸಿಕ್ಕಿದ್ದು ತಲೆಯನ್ನು ನನ್ನ ಭುಜದ ಹಿಂದಿನ ಬಿಳಿ ಗೋಡೆಗೆ ತಿರುಗಿಸಿದಾಗ. ಇಡೀ ಗೋಡೆಯೇ ದೊಡ್ಡ ದೀಪವಾಗಿ, ಮುಖದ ಮೇಲೆ ಮೆತ್ತಗಿನ ಬೆಳಕು, ಮೂಗಿನ ಪಕ್ಕ ಹಗುರವಾದ ನೆರಳು. ಬೌನ್ಸ್‌ನಲ್ಲಿ ಎರಡು ಸ್ಟಾಪ್ ಅಥವಾ ಅದಕ್ಕೂ ಹೆಚ್ಚು ಬೆಳಕು ಸೋರಿಹೋಗುತ್ತದೆ, ನಿಜ. ಐಎಸ್‌ಒ 800ಕ್ಕೆ ಏರಿಸಿದರೆ ಮೂರು ಸ್ಟಾಪ್ ವಾಪಸ್ ಬಂತಲ್ಲ! ಗೋಡೆಗೆ ಹಸಿರು ಬಣ್ಣ ಬಳಿದಿದ್ದರೆ ಮಾತ್ರ ಮುಖವೂ ಹಸಿರು, ಅಲ್ಲಿ ಯಾವ ಫ್ಲ್ಯಾಶೂ ಕಾಪಾಡುವುದಿಲ್ಲ.

ಇನ್ನು ಸೆಲ್ಲಿನ ವಿಷಯ. ಇದಕ್ಕೆ ಬೇಕಾದದ್ದು ನಾಲ್ಕು ಎಎ ಸೆಲ್. ಫುಲ್ ಪವರ್‌ನಲ್ಲಿ ಹೊಡೆದ ಮೇಲೆ ಮತ್ತೆ ಸಿದ್ಧವಾಗಲು ಸುಮಾರು 2.6 ಸೆಕೆಂಡ್ ಎಂದು ಕಂಪನಿಯೇ ಹೇಳುತ್ತದೆ. ನಗು ಅಷ್ಟು ಹೊತ್ತು ಕಾಯುವುದಿಲ್ಲ. ಕಾಲು ಪವರ್‌ಗೆ ಇಳಿಸಿದರೆ ಕಾಯುವುದೇ ಗೊತ್ತಾಗುವುದಿಲ್ಲ. ಸಾಮಾನ್ಯ ಆಲ್ಕಲೈನ್ ಸೆಲ್‌ನ ಮೇಲೆ 1.5 ವೋಲ್ಟ್, ರೀಚಾರ್ಜ್ ಸೆಲ್‌ನ ಮೇಲೆ 1.2 ವೋಲ್ಟ್ ಎಂದು ಬರೆದಿರುತ್ತದೆ. ಹಾಗಾದರೆ ಮೊದಲನೆಯದೇ ಚುರುಕು ಅನ್ನಿಸಬೇಕು. ಆಗುವುದು ಉಲ್ಟಾ. ಆಲ್ಕಲೈನ್‌ನ ಒಳಗಿನ ರೋಧ ಹೆಚ್ಚು, ಒಮ್ಮೆಲೇ ಹೆಚ್ಚು ಕರೆಂಟ್ ಎಳೆದರೆ ಅದು ಕುಸಿಯುತ್ತದೆ. ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳು ಕೊನೆಯವರೆಗೂ ಗಟ್ಟಿಯಾಗಿ ನಿಲ್ಲುತ್ತವೆ. ನಾಲ್ಕು ನಾಲ್ಕರ ಜೊತೆ ಮಾಡಿ, ಒಟ್ಟಿಗೇ ಚಾರ್ಜ್ ಮಾಡಿ. ಒಂದು ಬಡಕಲು ಸೆಲ್ ಸೇರಿದರೆ ಉಳಿದ ಮೂರನ್ನೂ ಎಳೆದುಹಾಕುತ್ತದೆ. ಗಂಟೆಗಟ್ಟಲೆ ಸಮಾರಂಭ ತೆಗೆಯುವವರಾದರೆ ಇದರ ಬದಲು ಗೋಡಾಕ್ಸ್‌ನದೇ ಲಿಥಿಯಂ ಬ್ಯಾಟರಿಯ ಫ್ಲ್ಯಾಶ್ ವಿ860-2 ನೋಡಬಹುದು: 1.5 ಸೆಕೆಂಡಿನಲ್ಲಿ ಸಿದ್ಧ, ಒಂದು ಚಾರ್ಜ್‌ಗೆ ಸುಮಾರು 650 ಫುಲ್ ಪವರ್ ಫ್ಲ್ಯಾಶ್. ಆ ಬ್ಯಾಟರಿ ಖಾಲಿಯಾದರೆ ಅದರದೇ ಇನ್ನೊಂದು ಬೇಕು, ಎಎ ತುರುಕಲು ಆಗದು. ನಾನು ಎಎ ಪಕ್ಷ.

ಟಿಟಿಎಲ್ (ಎಷ್ಟು ಫ್ಲ್ಯಾಶ್ ಬೇಕೆಂದು ಕ್ಯಾಮೆರಾವೇ ಅಳೆದು ನಿರ್ಧರಿಸುವ ವ್ಯವಸ್ಥೆ) ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಡಾಡುವ ಮಕ್ಕಳ ಫೋಟೋಗೆ ಅದು ಬೇಕು. ಚೌಕಟ್ಟಿನ ತುಂಬಾ ಬಿಳಿ ಬಟ್ಟೆ ಇದ್ದರೆ ಫೋಟೋ ಮಂಕಾಗುತ್ತದೆ, ಫ್ಲ್ಯಾಶ್ ಕಾಂಪೆನ್ಸೇಷನ್ (ಫ್ಲ್ಯಾಶ್ ಬೆಳಕನ್ನು ಏರಿಸಿ ಇಳಿಸುವ ಹೊಂದಾಣಿಕೆ) ಸ್ವಲ್ಪ ಮೇಲೆತ್ತಬೇಕು. ಕೂತವರು ಕೂತಲ್ಲೇ ಇದ್ದರೆ ಮ್ಯಾನ್ಯುಯಲ್ಲೇ ವಾಸಿ, ಹತ್ತು ಫೋಟೋಗೂ ಒಂದೇ ಬೆಳಕು. ಹೈ ಸ್ಪೀಡ್ ಸಿಂಕ್ (ತುಂಬಾ ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಸುವುದು) 1/8000 ಸೆಕೆಂಡಿನವರೆಗೆ ಇದೆ. ಬಿಸಿಲಲ್ಲಿ ಎಫ್/2 ಇಟ್ಟುಕೊಳ್ಳಲು ಉಪಯೋಗ, ಆದರೆ ಪವರ್ ಗಣನೀಯವಾಗಿ ಇಳಿಯುವುದರಿಂದ ಹತ್ತಿರ ಹೋಗಬೇಕು.

ಒಳಗೇ 2.4 ಗಿಗಾಹರ್ಟ್ಸ್ ರೇಡಿಯೋ ಇರುವುದು ಕೊಳ್ಳುವಾಗ ನನಗೆ ಲೆಕ್ಕಕ್ಕೇ ಇರಲಿಲ್ಲ, ಈಗ ಅದಿಲ್ಲದ ಫ್ಲ್ಯಾಶ್ ಬೇಡವೇ ಬೇಡ. ಫ್ಲ್ಯಾಶ್‌ಗೆ ರೇಡಿಯೋ ಸಂಕೇತ ಕಳಿಸುವ ಸಣ್ಣ ಟ್ರಿಗರನ್ನು ಹಾಟ್ ಶೂಗೆ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರುವ ಜಾಗ) ಸಿಕ್ಕಿಸಿ, ಫ್ಲ್ಯಾಶನ್ನು ಪಕ್ಕದ ಕಪಾಟಿನ ಮೇಲಿಟ್ಟರೆ ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ರೇಡಿಯೋ ಆದ್ದರಿಂದ ನಡುವೆ ಯಾರಾದರೂ ನಿಂತರೂ ತೊಂದರೆಯಿಲ್ಲ.

ಆರ್ಡರ್ ಮಾಡುವ ಮುಂಚೆ ಹೆಸರಿನ ಕೊನೆಯ ಅಕ್ಷರ ನೋಡಿಕೊಳ್ಳಿ. ಸಿ ಕ್ಯಾನನ್‌ಗೆ, ಎನ್ ನಿಕಾನ್‌ಗೆ, ಎಸ್ ಸೋನಿಗೆ. ಒಂದರದು ಇನ್ನೊಂದಕ್ಕೆ ಹಾಕಿದರೆ ಟಿಟಿಎಲ್ ಇಲ್ಲ. ಕ್ಯಾನನ್ 1500ಡಿ, 3000ಡಿ ಇರುವವರು ಇನ್ನೂ ಹುಷಾರಾಗಿರಬೇಕು: ಅವುಗಳ ಹಾಟ್ ಶೂನಲ್ಲಿ ನಡುವಿನ ದೊಡ್ಡ ಪಿನ್ನೇ ಇಲ್ಲ. ಆ ಒಂದೇ ಪಿನ್ ನಂಬಿರುವ ಅಗ್ಗದ ಮ್ಯಾನ್ಯುಯಲ್ ಫ್ಲ್ಯಾಶ್ ಅವುಗಳ ಮೇಲೆ ಉರಿಯುವುದಿಲ್ಲ.