ಲಂಡನ್‌ನಲ್ಲಿ ಸ್ಟ್ರಾಸ್‌ನ ಕೊನೇ ಹಾಡುಗಳು: ಮೈಸೂರಿನವರು ಒಂದ್ಸಲ ಕೇಳ್ಲೇಬೇಕು

ಹೋದ ವಾರ ಲಂಡನ್‌ನಲ್ಲಿ ನಾನೂ ನಮ್ಮಕ್ಕನೂ ಒಂದು ಆರ್ಕೆಸ್ಟ್ರಾ ಕಛೇರಿಗೆ ಹೋಗಿದ್ವಿ. ಮೊದಲು ವಿಯೆನ್ನಾದ ಸಂಗೀತಕಾರ ವೆಬರ್ನ್‌ನ ಆರು ತುಣುಕು, ಆಮೇಲೆ ಅದೇ ಊರಿನ ಆಲ್ಬನ್ ಬರ್ಗ್‌ನ ಏಳು ಹಾಡು, ಇಂಟರ್‌ವಲ್ ಆದ್ಮೇಲೆ ಪೂರ್ತಿ ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್: ಹಾಡಿಲ್ಲದ, ಬರೀ ಆರ್ಕೆಸ್ಟ್ರಾದ 'ಡೆತ್ ಅಂಡ್ ಟ್ರಾನ್ಸ್‌ಫಿಗರೇಶನ್', ಕೊನೇಗೆ 'ಫೋರ್ ಲಾಸ್ಟ್ ಸಾಂಗ್ಸ್'.

ನಾನು ಹೋಗಿದ್ದೇ ಆ ಕೊನೇ ನಾಲ್ಕು ಹಾಡಿಗೋಸ್ಕರ. ಇವು ಮೊದಲ ಸಲ ಜನರ ಮುಂದೆ ಬಂದಿದ್ದು 1950ರ ಮೇ 22ಕ್ಕೆ, ಇದೇ ಊರಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾನ ಮುಂದೆ ನಿಂತು ನಡೆಸಿದ್ದು ಫುರ್ಟ್‌ವೆಂಗ್ಲರ್, ಅದಕ್ಕೆ ದುಡ್ಡಿನ ಜವಾಬ್ದಾರಿ ಹೊತ್ತಿದ್ದು ನಮ್ಮ ಜಯಚಾಮರಾಜೇಂದ್ರ ಒಡೆಯರ್! ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನ ರಚಿಸಿದ ಅದೇ ಮಹಾರಾಜರು. ಸ್ಟ್ರಾಸ್ 1949ರಲ್ಲೇ ತೀರ್ಕೊಂಡಿದ್ರು, ಕೇಳೋ ಭಾಗ್ಯ ಅವರಿಗೆ ಸಿಗ್ಲಿಲ್ಲ. ಕಛೇರಿ ಪುಸ್ತಕದಲ್ಲಿ ಮೈಸೂರಿನ ಬಗ್ಗೆ ಒಂದು ಸಾಲೂ ಇರ್ಲಿಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರಾಯ್ತು.

ವೆಬರ್ನ್ ಬಗ್ಗೆ ಭಯ ಇತ್ತು, ಆದ್ರೆ ನಾಲ್ಕನೇ ತುಣುಕು ಮೈ ನಡುಗಿಸ್ತು. ಶವಯಾತ್ರೆಯ ನಡಿಗೆ ಅದು, ವೆಬರ್ನ್ ತಮ್ಮ ತಾಯಿ ಸಾವಿನ ನೆನಪಲ್ಲಿ ಬರೆದಿದ್ದು. ಬಾಲ್ಕನಿಯಿಂದ ಕೆಳಗೆ ನೋಡಿದ್ರೆ ದೊಡ್ಡ ಜಾಗಟೆ ಮುಂದೆ ನಿಂತವರು ಅದನ್ನ ಸುಮ್ನೆ ಮುಟ್ಟಿದ ಹಾಗೆ ಬಡೀತಿದ್ರು, ಸದ್ದು ಕಿವಿಗೆ ಬರೋ ಮೊದಲು ಎದೆಗೆ ಬಂದಂಗಿತ್ತು, ಆಮೇಲೆ ಎಲ್ಲಾ ಚರ್ಮವಾದ್ಯ, ಗಂಟೆ ಒಟ್ಟಿಗೆ ಏರಿ ಏರಿ ಏಕ್ದಂ ನಿಂತೋಯ್ತು. 1913ರಲ್ಲಿ ವಿಯೆನ್ನಾದಲ್ಲಿ ಇದನ್ನ ನುಡಿಸಿದ ಕಛೇರಿ ಗಲಾಟೆ ಹೊಡೆದಾಟದಲ್ಲಿ ಮುಗಿದಿತ್ತು. ಇದು 1909ರದ್ದು, ಸ್ಟ್ರಾಸ್ ಹಾಡುಗಳು 1948ರವು, ಅಂದ್ರೆ ಹಳೇ ಕಾಲದ್ದು ಅನ್ಸೋ ಸಂಗೀತನೇ 39 ವರ್ಷ ಆಮೇಲೆ ಹುಟ್ಟಿದ್ದು! ಎರಡನ್ನೂ ಒಂದೇ ಸಂಜೆ ಕೇಳಿದ್ರೆನೇ ಇದು ಮನಸ್ಸಿಗೆ ಇಳಿಯೋದು.

ಬರ್ಗ್ ಹಾಡುಗಳು ಚೆನ್ನಾಗಿದ್ವು, ಆದ್ರೆ ಆರ್ಕೆಸ್ಟ್ರಾ ಸದ್ದಲ್ಲಿ ಗಾಯಕಿಯ ದನಿ ಅಲ್ಲಲ್ಲಿ ಮುಳುಗಿಹೋಯ್ತು.

ಸ್ಟ್ರಾಸ್ ಬಂದಾಗ ಅದೇ ದನಿ ತೇಲೋಕೆ ಶುರು ಆಯ್ತು. ಎರಡನೇ ಹಾಡು 'ಸೆಪ್ಟೆಂಬರ್' ಕೊನೇಲಿ ಗಾಯಕಿ ನಿಲ್ಲಿಸಿದ್ಮೇಲೆ ಹಾರ್ನ್ ಅನ್ನೋ ಹಿತ್ತಾಳೆ ತುತ್ತೂರಿ ಒಂದೇ ಮೆಲ್ಲಗೆ ಮಾತಾಡುತ್ತೆ, ಸ್ಟ್ರಾಸ್ ಅವರಪ್ಪ ದೊಡ್ಡ ಹಾರ್ನ್ ವಾದಕರು ಅಂತ ಗೊತ್ತಿದ್ರೆ ಆ ಸಾಲು ಇನ್ನೂ ತಟ್ಟುತ್ತೆ. ಮೂರನೇದ್ರಲ್ಲಿ ಪಿಟೀಲು ಸೋಲೋ ಬಂದಾಗ, ವೀಣೆ ಕಲ್ತಿರೋ ನಮ್ಮಕ್ಕ ನನ್ನ ಕೈ ಹಿಡ್ಕೊಂಡವಳು ಬಿಡ್ಲೇ ಇಲ್ಲ. ಕೊನೇ ಹಾಡಲ್ಲಿ ಇಡೀ ಬಾಳು ಜೊತೆಗೆ ನಡೆದು ದಣಿದ ದಂಪತಿ ಸಂಜೆಗೆಂಪು ನೋಡ್ತಾ, ಇದೇನಾ ಸಾವು ಅಂತ ಕೇಳ್ಕೋತಾರೆ. ಆ ಮಾತಾದ ತಕ್ಷಣ, ಅರ್ಧ ಗಂಟೆ ಹಿಂದೆ ನಾವು ಕೇಳಿದ್ದ 'ಡೆತ್ ಅಂಡ್ ಟ್ರಾನ್ಸ್‌ಫಿಗರೇಶನ್'ನ ಎಳೆ ಮತ್ತೆ ಬರುತ್ತೆ, 25ರ ಹುಡುಗ ಬರೆದದ್ದನ್ನ 80 ದಾಟಿದ ಅಜ್ಜ ನೆನೆಸ್ಕೊಂಡಿದ್ದು. ಕಣ್ಣು ತುಂಬ್ಕೊಂಡ್ವು. ಕೊನೇಗೆ ಪಿಕೊಲೊ ಅನ್ನೋ ಎರಡು ಪುಟ್ಟ ಕೊಳಲು ಹಕ್ಕಿಗಳ ಹಾಗೆ ಉಲೀತಾ ಉಲೀತಾ ಕರಗಿದ್ಮೇಲೆ ತುಂಬಾ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೋಗೋರು ಹಾಡಿನ ಅರ್ಥ ಮೊದಲೇ ಓದ್ಕೊಂಡು ಹೋಗಿ, ಎಲ್ಲಾ ಜರ್ಮನ್, ಒಳಗೆ ಕತ್ತಲಲ್ಲಿ ಓದೋಕಾಗಲ್ಲ. ಬಾಲ್ಕನಿ ಸೀಟೇ ಸಾಕು, ಸದ್ದು ಚೆನ್ನಾಗಿ ಬೆರೆತು ಮೇಲೆ ಬರುತ್ತೆ.