ನಾಸಾ ಐಸ್: ಗುರು, ಶನಿಯ ಚಂದ್ರರನ್ನು ನೋಡಲು ಒಳ್ಳೆಯ ಜಾಗ

ಗ್ರಹಗಳ ಬಗ್ಗೆ ಆಸಕ್ತಿ ಇರುವವರು ಗ್ರಹ, ಚಂದ್ರ, ನೌಕೆಗಳ ಓಡಾಟ ತೋರಿಸುವ ನಾಸಾದ 'ಐಸ್ ಆನ್ ದ ಸೋಲಾರ್ ಸಿಸ್ಟಮ್' (Eyes, ಅಂದರೆ ಕಣ್ಣುಗಳು) ಜಾಲತಾಣ ನೋಡಲೇಬೇಕು. ಪೂರ್ತಿ ಉಚಿತ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಲಾಗಿನ್ ಗಿಗಿನ್ ಏನೂ ಬೇಡ.

ನನಗೆ ತುಂಬಾ ಇಷ್ಟವಾದದ್ದು ಸಮಯವನ್ನು ಓಡಿಸುವ ಸೌಲಭ್ಯ. ಗುರುಗ್ರಹದ ಹತ್ತಿರ ಹೋಗಿ ವೇಗ ಹೆಚ್ಚಿಸಿ. ಅದರ ಚಂದ್ರರಲ್ಲಿ ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ 2 ಸುತ್ತು, ಅಯೋ 4 ಸುತ್ತು ಹಾಕಿರುತ್ತದೆ. ಈ ತಾಳದಿಂದಲೇ ಅಯೋದ ಕಕ್ಷೆ ಪೂರ್ತಿ ದುಂಡಗಾಗದೆ ಉಳಿದಿದೆ, ಹಾಗಾಗಿ ಗುರುವಿನ ಎಳೆತ ಅದನ್ನು ಹಿಟ್ಟು ನಾದಿದ ಹಾಗೆ ನಾದುತ್ತಲೇ ಇರುತ್ತದೆ, ಒಳಗೆ ಬಿಸಿ ಹುಟ್ಟಿ ಜ್ವಾಲಾಮುಖಿಗಳು ಉಕ್ಕುತ್ತವೆ. ಓದಿ ಗೊತ್ತಿದ್ದರೂ ಕಣ್ಣಾರೆ ನೋಡುವುದೇ ಬೇರೆ, ಅಲ್ವಾ?

ಆಮೇಲೆ ನೆಪ್ಚೂನ್‌ಗೆ ಹೋಗಿ. ಅದು ತಿರುಗುವ ದಿಕ್ಕಿಗೆ ಉಲ್ಟಾ ಸುತ್ತುವ ಟ್ರೈಟನ್ ಸಿಗುತ್ತದೆ. ಬಹುಶಃ ಹೊರಗಿಂದ ಬಂದು ಸಿಕ್ಕಿಬಿದ್ದ ಚಂದ್ರ ಅದು. ಇದುವರೆಗೂ ಅದರ ಹತ್ತಿರ ಹೋಗಿರುವುದು ವಾಯೇಜರ್ 2 ನೌಕೆ ಒಂದೇ, 1989ರ ಆಗಸ್ಟ್‌ನಲ್ಲಿ. ದಿನಾಂಕ ಹಿಂದಕ್ಕೆ ತಿರುಗಿಸಿದರೆ ಆ ಪಯಣವನ್ನೂ ನೋಡಬಹುದು.

ಕೊರತೆ ಇಲ್ಲ ಅಂತಲ್ಲ. ವಿವರಣೆ ತೀರಾ ಚಿಕ್ಕದು, ಅದೂ ಇಂಗ್ಲಿಷ್‌ನಲ್ಲಿ. ಶನಿಯ ಚಂದ್ರ ಎನ್ಸೆಲಡಸ್‌ನ ದಕ್ಷಿಣ ಧ್ರುವದಿಂದ ನೀರಾವಿ ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡುಹಿಡಿದದ್ದು ಎಂಥ ದೊಡ್ಡ ವಿಷಯ! ಇಂಥದ್ದಕ್ಕೆ ಇನ್ನೂ ಜಾಸ್ತಿ ಜಾಗ ಕೊಡಬೇಕಿತ್ತು. ಮಕ್ಕಳ ಜೊತೆ ದೊಡ್ಡವರು ಕೂತು ಹೇಳಿಕೊಡಬೇಕಾಗುತ್ತದೆ.

ಕ್ಷುದ್ರಗ್ರಹ, ಧೂಮಕೇತುಗಳಿಗೆ 'ಐಸ್ ಆನ್ ಆಸ್ಟರಾಯ್ಡ್ಸ್' ಅಂತ ಬೇರೆ ಪುಟವೇ ಇದೆ. ಫೋನಿನ ಚಿಕ್ಕ ಪರದೆ ಸಾಲದು, ಕಂಪ್ಯೂಟರ್‌ನಲ್ಲೇ ನೋಡಿ.